ನಿಕೋಸಿಯಾದ ಆ ಕಡೆ, ಈ ಕಡೆ

ಸತೀಶಕುಮಾರ ವಿಜಯಪುರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ. ಪಿಎಚ್.ಡಿ.ಗೆ ಅವನು ಆರಿಸಿಕೊಂಡ ವಿಷಯ ಕೇಳಿ ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಇಬ್ಭಾಗವಾದ ಎರಡು ದ್ವೀಪಗಳು, ಐರ್ಲೆಂಡ್ ಮತ್ತು ಸೈಪ್ರಸ್. ಬಬಲೇಶ್ವರದಲ್ಲಿ ಹುಟ್ಟಿ ಬೆಳೆದವನಿಗೆ ಅಲ್ಲಿಯ ಉಸಾಬರಿ ಯಾಕೆ ಎಂದು. ಅವನು ಮಾತ್ರ ಆ ದ್ವೀಪಗಳ ಬಗ್ಗೆ ಪಕ್ಕದ ಓಣಿಯ ಜಗಳದಷ್ಟು ಸಲೀಸಾಗಿ ಮಾತಾಡುತ್ತಿದ್ದ.

ಅವನ ತಂಗಿ ಕಾವ್ಯಾ ನರ್ಸಿಂಗ್ ಕಲಿತವಳು. ಸೈಪ್ರಸ್ಸಿನ ರಾಜಧಾನಿ ನಿಕೋಸಿಯಾದಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅಣ್ಣನೇ ಧೈರ್ಯ ತುಂಬಿ ಕಳಿಸಿದ. ಅವಳ ಗಂಡ ಮುತ್ತು ಟಿಕೋಟಾದವನು, ಅಥಣಿ ರಸ್ತೆಯ ಹೊಸ ಲೇಔಟುಗಳಲ್ಲಿ ಟೈಲ್ಸ್ ಕೂಡಿಸುತ್ತಿದ್ದ. ಹೆಂಡತಿ ಹೋದ ಮೇಲೆ ಅವನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಅವಳಿದ್ದ ಕಡೆ ಗಂಡನಿಗೆ ವೀಸಾ ಇರಲಿಲ್ಲ. ಅಷ್ಟರಲ್ಲಿ ಏಜೆಂಟನೊಬ್ಬ, ಅದೇ ನಿಕೋಸಿಯಾದ ಕಾಲೇಜಿಗೆ ವಿದ್ಯಾರ್ಥಿ ಅಂತ ಕಳಿಸುತ್ತೇನೆ ಎಂದ. ಕಾಲೇಜು ಇದ್ದದ್ದು ಊರಿನ ಉತ್ತರದ ಅರ್ಧದಲ್ಲಿ, ಕಾವ್ಯಾ ಇದ್ದದ್ದು ದಕ್ಷಿಣದ ಅರ್ಧದಲ್ಲಿ.

ಮುತ್ತು ಸತೀಶನ ಮನೆಗೆ ಬಂದ. "ಮಾವಾರ, ಊರು ಒಂದ ಅಲ್ಲೇನ್ರಿ? ನಡಕೋತ ಹೋದ್ರ ಆಕಿ ಮನಿ ಮುಟ್ಟತೇನಿಲ್ಲೋ?"

ಸತೀಶ ನಕಾಶೆ ಬಿಚ್ಚಿ ತೋರಿಸಿದ. ಊರ ನಡುವೆ ಗಡಿ ಇದೆ, ದಕ್ಷಿಣದಲ್ಲಿ ಗ್ರೀಕರು, ಉತ್ತರದಲ್ಲಿ ತುರ್ಕರು. ಉತ್ತರದಿಂದ ಬಂದಿಳಿದ ಪರದೇಶಿಯನ್ನು ದಕ್ಷಿಣದವರು ಒಳಗೆ ಬಿಡುವುದಿಲ್ಲ.

"ಆದ್ರ ಈಗ ಮಾತುಕತಿ ನಡದೈತಿ. ಇಬ್ರೂ ನಾಯಕ್ರು ಮನಸ್ಸು ಮಾಡ್ಯಾರ. ಐರ್ಲೆಂಡ್ ನೋಡು, ಮೂವತ್ತು ವರ್ಷ ಕಡದಾಡಿದ್ರು. ದ್ವೀಪ ಇನ್ನೂ ಎರಡ ಐತಿ ಖರೆ, ಆದ್ರ ಒಪ್ಪಂದ ಆದ ಮ್ಯಾಲ ಗಡಿ ದಾಟೂಮುಂದ ಬಸ್ಸೂ ನಿಲ್ಲಂಗಿಲ್ಲ. ಇಲ್ಲೂ ಹಂಗ ಆಕ್ಕತಿ. ನೀ ಹೋಗು."

ಮುತ್ತು ಹೋದ. ಅದು ೨೦೧೭ರ ಜನವರಿ.

ಜುಲೈನಲ್ಲಿ ಮಾತುಕತೆ ಮುರಿದುಬಿತ್ತು. ಸುದ್ದಿ ಓದಿದ ದಿನ ಸತೀಶ ಕ್ಲಾಸಿಗೆ ಹೋಗಲಿಲ್ಲ. ಮುತ್ತು ಫೋನ್ ಮಾಡಿ, "ಮಾವಾರ, ವಾಪಸ್ ಬರ್ಲೇನ್ರಿ?" ಎಂದು ಕೇಳಿದಾಗ, ಐರ್ಲೆಂಡಿನಲ್ಲೂ ಮಾತುಕತೆ ಎಷ್ಟೋ ಸಲ ಮುರಿದಿತ್ತು, ತುಸು ತಡೆ ಎಂದ. ಹಾಗೆ ಹೇಳುವಾಗ ೨೦೦೪ರ ಮತದಾನ ಅವನ ತಲೆಯಲ್ಲಿತ್ತು. ಆಗ ಉತ್ತರದವರು ಒಂದಾಗೋಣ ಎಂದಿದ್ದರು, ದಕ್ಷಿಣದವರು ಬೇಡ ಎಂದಿದ್ದರು. ಆ ಮಾತನ್ನು ಅವನು ಮುತ್ತುವಿಗೆ ಹೇಳಲಿಲ್ಲ.

ಮುತ್ತು ಉಳಿದ. ಅಲ್ಲಿಯೂ ಟೈಲ್ಸ್ ಕೂಡಿಸಿದ. ಭಾನುವಾರ ಅವನು ಗಡಿ ಹಾಯುವ ಪೇಟೆಬೀದಿಯ ಈ ತುದಿಯ ಕಾವಲು ಚೌಕಿಯ ಹತ್ತಿರ ಬಂದು ನಿಲ್ಲುತ್ತಿದ್ದ, ಕಾವ್ಯಾ ಆ ತುದಿಗೆ. ನಡುವೆ ಪಾಳುಬಿದ್ದ ಅಂಗಡಿಗಳು. ಅವಳು ದಾಟಿದರೆ ವಾಪಸ್ ಬಿಡದೆ ಕೆಲಸ ಹೋಗುವ ಭಯ, ಅವನು ದಾಟಿದರೆ ಜೈಲಿನ ಭಯ. ಇಬ್ಬರೂ ಕಿವಿಗೆ ಫೋನ್ ಹಿಡಿದು, ಕೈ ಬೀಸುತ್ತ ಮಾತಾಡುತ್ತಿದ್ದರು.

"ಹಸರ ಸೀರಿ ಉಟ್ಟೀಯೇನು?"

"ಹೌದ್ರಿ. ಕಾಣ್ತೈತಿ?"

"ಬಣ್ಣ ಅಷ್ಟ ಕಾಣ್ತೈತಿ. ಮಾರಿ ಕಾಣವಲ್ದು."

ಕೊರೋನಾ ಬಂದಾಗ ಚೌಕಿಗಳು ಮುಚ್ಚಿದವು. ಬೀದಿಗೆ ಅಡ್ಡವಾಗಿ ತಗಡು ಬಿತ್ತು. ಕಾವ್ಯಾಗೆ ಜ್ವರ ಎಂದು ತಿಳಿದ ಮುತ್ತು ಒಂದು ಬೆಳಿಗ್ಗೆ ಊರ ಹೊರಗಿನ ಹೊಲದಿಂದ ತಂತಿಬೇಲಿ ದಾಟಲು ನೋಡಿದ. ಕಾವಲಿನವರು ಹಿಡಿದರು. ಕೆಲ ತಿಂಗಳು ಜೈಲಿನಲ್ಲಿದ್ದು, ವಿಮಾನ ಶುರುವಾದ ಮೇಲೆ ಟಿಕೋಟಾಕ್ಕೆ ಬಂದ. ಮತ್ತೆ ಅಲ್ಲಿಗೆ ಕಾಲಿಡದಂತೆ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿತ್ತು.

ಎರಡು ವರ್ಷದ ನಂತರ ಕಾವ್ಯಾ ರಜೆಯ ಮೇಲೆ ಬಂದಳು. ಬಂದವಳು ಟಿಕೋಟಾಕ್ಕೆ ಹೋಗದೆ ಬಬಲೇಶ್ವರದಲ್ಲಿ ತಾಯಿ ಗೌರಾಬಾಯಿಯ ಹತ್ತಿರವೇ ಉಳಿದಳು. ಸತೀಶ ಮುತ್ತುವನ್ನು ಅಲ್ಲಿಗೆ ಕರೆಸಿ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿದ. ಗೌರಾಬಾಯಿ ಚಹಾ ತಂದಿಟ್ಟಳು.

"ಸೊರಗೀರಿ," ಎಂದಳು ಕಾವ್ಯಾ.

"ನೀನೂ."

ಅಷ್ಟೇ. ಮುತ್ತು ಜಮಖಾನೆಯ ಅಂಚು ಸರಿಮಾಡುತ್ತ ಕುಳಿತ. ತಂಗಿ ಇಲ್ಲೇ ಉಳಿಯಲಿ, ವಿಜಯಪುರದಲ್ಲಿ ಯಾವುದಾದರೂ ದವಾಖಾನೆಯಲ್ಲಿ ಕೆಲಸ ನೋಡೋಣ ಎಂದು ಸತೀಶ ಶುರುಮಾಡಿದ.

"ಸಾಕು ಬಿಡಣ್ಣ," ಎಂದಳು ಕಾವ್ಯಾ. "ಅಲ್ಲಿದ್ದಾಗ ಆ ಚೌಕಿಗೆ ಬೈತಿದ್ವಿ. ಈಗ ಅದೂ ಇಲ್ಲ. ಹತ್ರ ಕುಂತೀವಿ, ನನಗ ಇವರ ಜೋಡಿ ಏನ್ ಮಾತಾಡಬೇಕು ತಿಳೀವಲ್ದು."

ಸತೀಶ ಅವಳ ಗಂಡನ ಕಡೆ ನೋಡಿದ. "ನೀನರ ಹೇಳೋ ಮುತ್ತು."

"ಏನ್ ಹೇಳ್ಲಿ ಮಾವಾರ. ಆಕಿ ಖರೇನ ಹೇಳಾಕತ್ತಾಳ. ಜೈಲಿನ್ಯಾಗ ದಿನಾ ನೆನಸ್ತಿದ್ನಿ, ಆಕಿ ಬಂದ ಕೂಡ್ಲೆ ಹಿಂಗ ಮಾತಾಡಬೇಕು, ಹಂಗ ಮಾತಾಡಬೇಕು ಅಂತ. ಎಲ್ಲಾ ಅಲ್ಲೇ ಮುಗದುಹೋತು."

ಗೌರಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ದಾರಿ ತೋರಿಸಿದವನು ತಾನೇ ಎಂದು ಇಬ್ಬರಲ್ಲಿ ಒಬ್ಬರಾದರೂ ಬೈದಿದ್ದರೆ ಸತೀಶನಿಗೆ ಹಗುರವಾಗುತ್ತಿತ್ತು. ಇಬ್ಬರೂ ಬೈಯಲಿಲ್ಲ.

ರಜೆ ಮುಗಿಯುವ ಮೊದಲೇ ಕಾವ್ಯಾ ಹೊರಟಳು. ವಿಜಯಪುರದ ಬಸ್ ಸ್ಟ್ಯಾಂಡಿಗೆ ಮುತ್ತುವೂ ಬಂದಿದ್ದ, ಅವಳ ದೊಡ್ಡ ಬ್ಯಾಗನ್ನು ಬಸ್ಸಿಗೆ ಏರಿಸಿಕೊಟ್ಟ.

"ಮುಟ್ಟಿದ ಮ್ಯಾಲ ಫೋನ್ ಹಚ್ಚು," ಎಂದ.

"ಹಚ್ತೇನ್ರಿ."

ನಿಕೋಸಿಯಾ ಮುಟ್ಟಿದ ದಿನ ಅವಳು ತಾಯಿಗೆ ಫೋನ್ ಮಾಡಿದಳು. ಮುತ್ತು ಸಂಜೆ ಸತೀಶನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಆಕೆ ಮುಟ್ಟಿದಳೇ ಎಂದು ಕೇಳಿದ. ಮುಟ್ಟಿದಳು ಎಂದ ಸತೀಶ. ಮುತ್ತು ತಲೆಯಾಡಿಸಿ ಟಿಕೋಟಾದ ಕಡೆ ಗಾಡಿ ತಿರುಗಿಸಿದ.