ಇಲ್ಲದ ಪರೀಕ್ಷೆ

ಕಾರ್ಲಿನ್ ತನ್ನ ತಂಗಿಗೆ ಆ ಸುಳ್ಳು ಹೇಳಿದ್ದು ಫೋನಿನಲ್ಲಿ, ಈರುಳ್ಳಿ ಹೆಚ್ಚುತ್ತಾ. ಮುಖ ನೋಡಿ ಹೇಳಬೇಕಾಗಿದ್ದರೆ ಬಹುಶಃ ಬಾಯಿ ಬರುತ್ತಿರಲಿಲ್ಲ.

"ಈ ಸಲ ಮೇ ರಜೆಗೆ ನಾವು ಎಲ್ಲಿಗೂ ಹೋಗ್ತಿಲ್ಲ ಲಿಡ್ವಿನ್. ವೇರ್ಲೆಗೆ ಫ್ರೆಂಚ್ ಮರುಪರೀಕ್ಷೆ ಇದೆ. ರಜೆ ಮುಗೀತಿದ್ದ ಹಾಗೇ. ಕೂತು ಓದ್ಲೇಬೇಕು ಅವಳು."

ಅವಳು ಹಾಗೆನ್ನುವಾಗ ಹಿಂದೆ ಊಟದ ಮೇಜಿನ ಮೇಲೆ ಬೆಲ್ಜಿಯಮ್ಮಿನ ನಕಾಶೆ ಹರಡಿಕೊಂಡಿತ್ತು. ಗಂಡ ಯೂಸ್ಟ್ ಕನ್ನಡಕ ಹಣೆಗೇರಿಸಿಕೊಂಡು ಬ್ರೂಜ್‌ನಲ್ಲಿ ಎಷ್ಟು ದಿನ, ಗೆಂಟ್‌ನಲ್ಲಿ ಎಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದ. ಚಿಕ್ಕ ಮಗಳು ಪಿಯೆನ್ ಗೆಂಟ್‌ನ ಗಂಟೆಗೋಪುರದ ತುದಿಯ ತಾಮ್ರದ ಡ್ರ್ಯಾಗನ್ ಚಿತ್ರ ಬರೆಯುತ್ತಿದ್ದಳು. ಹದಿನಾರರ ವೇರ್ಲೆ ಮಾತ್ರ ಕತ್ತೆತ್ತಿ ಅಮ್ಮನ ಬೆನ್ನನ್ನೇ ನೋಡಿದಳು.

"ನಂಗ್ಯಾವ ಪರೀಕ್ಷೆ?" ಎಂದಳು, ಫೋನ್ ಇಟ್ಟ ಮೇಲೆ.

"ಸುಮ್ನಿರು ಸ್ವಲ್ಪ."

"ಫ್ರೆಂಚಲ್ಲಿ ನಾನು ಕ್ಲಾಸಿಗೆ ಮೂರನೆಯವಳು. ಬೇರೆ ಯಾವ್ದಾದ್ರೂ ವಿಷಯ ಹೇಳ್ಬಾರ್ದಿತ್ತಾ? ಗಣಿತ ಅಂದಿದ್ರೆ ನಂಬೋ ಹಾಗಾದ್ರೂ ಇರ್ತಿತ್ತು."

ಲಿಡ್ವಿನ್ ಕಾರ್ಲಿನ್‌ಗಿಂತ ಎರಡು ವರ್ಷ ಚಿಕ್ಕವಳು. ಮದುವೆಯಾಗಿರಲಿಲ್ಲ. ಬೆಲ್ಜಿಯಮ್ಮಿನ ಗಡಿಗೆ ಹತ್ತಿರದ ಇದೇ ಬ್ರೆಡಾ ಊರಿನ ಇನ್ನೊಂದು ಮೂಲೆಯಲ್ಲಿ ನೆಲಮಹಡಿಯ ಮನೆಯಲ್ಲಿದ್ದಳು. ಫ್ರೆಂಚ್ ಟೀಚರಾಗಿದ್ದವಳಿಗೆ ನರಗಳ ಕಾಯಿಲೆ ಬಂದು, ಮೊದಲು ಎಡಗಾಲು, ಆಮೇಲೆ ಬಲಗಾಲು ಹೇಳಿದ ಮಾತು ಕೇಳದಂತಾಗಿ, ಮೂರು ವರ್ಷದ ಹಿಂದೆ ಕೆಲಸ ಬಿಟ್ಟಿದ್ದಳು. ಈಗ ಬುಟ್ಟಿ, ಸೀಟು ಎಲ್ಲ ಇರುವ ಚಕ್ರದ ವಾಕರ್ ತಳ್ಳಿಕೊಂಡು ಓಡಾಡುತ್ತಿದ್ದಳು. ಪ್ರತಿ ವಸಂತದಲ್ಲೂ ಅಕ್ಕನ ಸಂಸಾರದ ಜತೆ ಪ್ರವಾಸ ಹೋಗುವುದು ಎಂದಿನಿಂದಲೋ ನಡೆದು ಬಂದಿತ್ತು. ಹೋದ ವರ್ಷ ಟ್ರಿಯರ್ ಎಂಬ ಊರಿನ ಇಳಿಜಾರಿನ ಬೀದಿಯಲ್ಲಿ ಅವಳು ಬಿದ್ದಳು. ಉಳಿದ ಪ್ರವಾಸವೆಲ್ಲ ಆಸ್ಪತ್ರೆ, ಬ್ಯಾಂಡೇಜು, ಹೋಟೆಲ್ ಕೋಣೆಯಲ್ಲೇ ಕಳೆಯಿತು. ಸ್ನಾನಕ್ಕೆ ಎಬ್ಬಿಸುವುದು, ಬಟ್ಟೆ ತೊಡಿಸುವುದು ಎಲ್ಲ ಕಾರ್ಲಿನ್‌ದೇ. ವಾಪಸು ಬರುವಾಗ ಅವಳು ಕಾರಿನಲ್ಲಿ ಕಣ್ಣು ಮುಚ್ಚಿ ಕೂತು, ಇನ್ನೊಂದು ಸಲ ಹೀಗೆ ಆಗಬಾರದು ಎಂದುಕೊಂಡಿದ್ದಳು. ಬೀಳುವುದನ್ನು ಕುರಿತು ಅಂದುಕೊಂಡದ್ದೋ, ತಂಗಿ ಬರುವುದನ್ನು ಕುರಿತೋ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

"ಬೆಲ್ಜಿಯಮ್ಮಲ್ಲಿ ಎಲ್ಲಿ ನೋಡಿದ್ರೂ ಕಲ್ಲುಹಾಸಿನ ದಾರಿ. ಅವಳ ವಾಕರ್ ಹೋಗಲ್ಲ," ಎಂದಳು ಯೂಸ್ಟ್‌ಗೆ. "ಮಕ್ಕಳಿಗೂ ಒಂದು ಸಲ ಆರಾಮಾಗಿ ಸುತ್ತೋಕೆ ಆಗ್ಬೇಕಲ್ವಾ? ಪಾಪ, ಅವೂ ಎಷ್ಟು ಅಂತ ಕಾಯ್ತಾವೆ?"

"ಅದನ್ನೇ ಅವಳಿಗೆ ಹೇಳ್ಬಹುದಿತ್ತು."

"ಹೇಳಿದ್ರೆ ಬೇಜಾರು ಮಾಡ್ಕೋತಾಳೆ."

ಯೂಸ್ಟ್ ಮತ್ತೆ ನಕಾಶೆಯ ಮೇಲೆ ಬಾಗಿದ. ಅವನಿಗೂ ಟ್ರಿಯರ್ ನೆನಪಿತ್ತು.

ಮಾರನೇ ದಿನ ಸಂಜೆ ಲಿಡ್ವಿನ್‌ಳೇ ಫೋನ್ ಮಾಡಿದಳು. ದನಿಯಲ್ಲಿ ಎಷ್ಟೋ ದಿನದಿಂದ ಕೇಳದಿದ್ದ ಚುರುಕು.

"ಯೋಚ್ನೆ ಮಾಡಿದೆ. ವಾರಕ್ಕೆರಡು ಸಲ ನಾನೇ ಬಂದು ವೇರ್ಲೆಗೆ ಪಾಠ ಹೇಳ್ತೀನಿ. ರಜೆಯಲ್ಲಿ ದಿನಾ ಬರ್ತೀನಿ. ಮನೇಲಿ ಫ್ರೆಂಚ್ ಟೀಚರ್ ಇಟ್ಕೊಂಡು ಹುಡುಗಿ ಫೇಲಾಗೋದು ಅಂದ್ರೇನು, ನಂಗೆ ಅವಮಾನ!"

"ಅಯ್ಯೋ, ನಿಂಗ್ಯಾಕೆ ತೊಂದ್ರೆ..."

"ತೊಂದ್ರೆ ಏನು ಬಂತು? ಬಸ್ಸಿಗೆ ಇಳಿಜಾರು ಹಲಗೆ ಹಾಕ್ತಾರೆ. ನಿಮ್ಮ ಬಾಗಿಲ ಮುಂದೇನೇ ಸ್ಟಾಪು. ಬೇಡ ಅನ್ಬೇಡ ಕಾರ್ಲಿನ್."

ಬೇಡ ಅನ್ನಲು ಕಾರ್ಲಿನ್‌ಗೆ ಯಾವ ಕಾರಣವೂ ಹೊಳೆಯಲಿಲ್ಲ. ಹಾಗೆ ಶುರುವಾಯಿತು.

ಲಿಡ್ವಿನ್ ಬುಧವಾರ ಮತ್ತು ಶನಿವಾರ ಬರತೊಡಗಿದಳು. ಕೆಲಸ ಬಿಟ್ಟ ಮೇಲೆ ತೊಡದೇ ಇದ್ದ ನೀಲಿ ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ವಾಕರ್‌ನ ಬುಟ್ಟಿಯಲ್ಲಿ ಹಳೆಯ ವ್ಯಾಕರಣದ ಪುಸ್ತಕ ಇಟ್ಟುಕೊಂಡು. ಮಹಡಿಯ ಕೋಣೆಗೆ ಹತ್ತಲಾರಳೆಂದು ಅಡುಗೆಮನೆಯ ಮೇಜಿನಲ್ಲೇ ಪಾಠ. ಅವಳು ಬರುವ ದಿನವೆಲ್ಲ ಯೂಸ್ಟ್ ನಕಾಶೆ ಮಡಚಿ ಫ್ರಿಜ್ಜಿನ ಮೇಲಿಡುತ್ತಿದ್ದ. ಪಿಯೆನ್ ತನ್ನ ಡ್ರ್ಯಾಗನ್‌ಗಳನ್ನು ಬೇರೆ ಕಡೆ ಬರೆಯಬೇಕಾಯಿತು.

ಸುಳ್ಳಿನ ಭಾರ ಹೆಚ್ಚಾಗಿ ಬಿದ್ದದ್ದು ವೇರ್ಲೆಯ ಮೇಲೆ. ಗೊತ್ತಿರುವುದನ್ನು ಗೊತ್ತಿಲ್ಲದಂತೆ ನಟಿಸಬೇಕು.

"ಇದು ತಪ್ಪು ಕಣೇ. ಹೋದ ವಾರ ಸರಿಯಾಗಿ ಹೇಳಿದ್ದೆಯಲ್ಲ?" ಎನ್ನುತ್ತಿದ್ದಳು ಲಿಡ್ವಿನ್.

"ಮರೆತೋಯ್ತು ಚಿಕ್ಕಮ್ಮ."

"ಪರ್ವಾಗಿಲ್ಲ. ಪರೀಕ್ಷೆ ಭಯ ಇರೋ ಮಕ್ಕಳಿಗೆ ಹೀಗೇ ಆಗತ್ತೆ. ನಾನು ನೋಡಿಲ್ವಾ?" ಎಂದು ಅವಳ ತಲೆ ಸವರಿ, ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದಳು. ಪಾಠದ ನಡುವೆ ಹಾಸ್ಯ, ತಾನು ಓದಿದ ಲೀಜ್ ಊರಿನ ಕತೆ, ಅಲ್ಲಿನ ಮನೆಯೊಡತಿಯ ಬೈಗುಳಗಳ ಅನುಕರಣೆ. ಸಿಂಕಿನ ಮುಂದೆ ನಿಂತ ಕಾರ್ಲಿನ್‌ಗೆ ಬೆನ್ನ ಹಿಂದೆ ಇಬ್ಬರೂ ನಗುವುದು ಕೇಳಿಸುತ್ತಿತ್ತು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಒಂದು ಶನಿವಾರ ಚಿಕ್ಕಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದ ವೇರ್ಲೆ ಬಾಗಿಲಲ್ಲೇ ನಿಂತಳು.

"ಅಮ್ಮ, ಇನ್ನು ನನ್ ಕೈಲಾಗಲ್ಲ. ಇವತ್ತು ಬಸ್ ಸ್ಟಾಪಲ್ಲಿ ಏನಂದ್ರು ಗೊತ್ತಾ? 'ನೀನು ಫೇಲಾಗಿದ್ದು ನಂಗೆ ಒಳ್ಳೇದೇ ಆಯ್ತು, ಹಾಗನ್ಬಾರ್ದು, ಆದ್ರೂ ಹೇಳ್ತೀನಿ' ಅಂದ್ರು. ನೀನೇ ಹೇಳ್ಬಿಡು. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಹೇಳ್ತೀನಿ. ಮುಂದಿನ ವಾರ."

ಮುಂದಿನ ವಾರವೂ ಹೇಳಲಿಲ್ಲ. ಗೆಂಟ್‌ನ ಹೋಟೆಲಿನವರು ಕೋಣೆ ಖಾತ್ರಿಪಡಿಸಿದ್ದರು. ಇನ್ನು ಹೇಗೆ ಹೇಳುವುದು, ಹೊರಡುವ ಹಿಂದಿನ ದಿನ ಫೋನಿನಲ್ಲಿ ಹೇಳಿದರಾಯಿತು, ಇಲ್ಲ, ಅಲ್ಲಿಂದ ಬಂದ ಮೇಲೆ ಏನೋ ದಿಢೀರನೆ ಹೋಗಬೇಕಾಯಿತು ಎಂದರಾಯಿತು. ಹೀಗೆ ಒಂದು ಸುಳ್ಳಿಗೆ ಇನ್ನೊಂದನ್ನು ಹೊಲಿಯುತ್ತಾ ಮಲಗುತ್ತಿದ್ದಳು. ಎದ್ದಾಗ ಯಾವ ಹೊಲಿಗೆಯೂ ನಿಂತಿರುತ್ತಿರಲಿಲ್ಲ.

ಕೊನೆಗೆ ಹೇಳಿದ್ದು ಧೈರ್ಯ ಬಂದು ಅಲ್ಲ, ಸಿಕ್ಕಿಬೀಳುವ ಭಯಕ್ಕೆ. ಬುಧವಾರ ಪಾಠ ಮುಗಿದು, ವೇರ್ಲೆ ಮೇಲೆ ಹೋಗಿದ್ದಳು. ಅಕ್ಕತಂಗಿ ಮೇಜಿನ ಎದುರುಬದುರು ಕೂತು ರಾತ್ರಿಯಡುಗೆಗೆ ಬಿಳಿ ಶತಾವರಿ ದಂಟುಗಳ ಸಿಪ್ಪೆ ಹೆರೆಯುತ್ತಿದ್ದರು. ಋತುವಿನ ಮೊದಲ ಶತಾವರಿ. ಲಿಡ್ವಿನ್‌ಗೆ ಇಷ್ಟವೆಂದೇ ತಂದದ್ದು.

"ಅಂದ ಹಾಗೆ," ಎಂದಳು ಲಿಡ್ವಿನ್, "ವೇರ್ಲೆ ಸ್ಕೂಲಿನ ಫ್ರೆಂಚ್ ಟೀಚರ್ ನಂಗೆ ಹಳೇ ಪರಿಚಯ. ಪರೀಕ್ಷೆಗೆ ಯಾವ ಭಾಗ ಕೇಳ್ತಾರೆ ಅಂತ ವಿಚಾರಿಸೋಣ ಅಂತ ಫೋನ್ ಮಾಡಿದ್ದೆ. ಸಿಗ್ಲಿಲ್ಲ. ನಾಳೆ ಅವರೇ ಮಾಡ್ತಾರೆ ಅಂತ ಸ್ಕೂಲಿನ ಆಫೀಸಿನವ್ರು ಹೇಳಿದ್ರು."

ಕಾರ್ಲಿನ್ ಕೈಯ ಚಾಕು ನಿಂತಿತು.

"ಲಿಡ್ವಿನ್, ಪರೀಕ್ಷೆ ಇಲ್ಲ."

"ಮುಂದಕ್ಕೆ ಹಾಕಿದ್ರಾ?"

"ಇಲ್ಲ. ಮೊದ್ಲಿಂದ್ಲೂ ಇರ್ಲಿಲ್ಲ. ನಾವು ಪ್ರವಾಸ ಹೊರಟಿದ್ದೀವಿ. ಬರೋ ವಾರ."

ಲಿಡ್ವಿನ್ ಕೈಯಲ್ಲಿದ್ದ ದಂಟನ್ನು ಪೂರ್ತಿ ಹೆರೆದು ಮುಗಿಸಿದಳು. ತಟ್ಟೆಯಲ್ಲಿಟ್ಟಳು.

"ಎಲ್ಲಿಗೆ?"

"ಬ್ರೂಜ್. ಆಮೇಲೆ ಗೆಂಟ್."

"ಒಳ್ಳೇ ಊರುಗಳು." ಇನ್ನೊಂದು ದಂಟು ಎತ್ತಿಕೊಂಡು, "ಕಲ್ಲುಹಾಸಿನ ದಾರಿ ಅಂತಾನಾ?"

"ಹೌದು. ಮತ್ತೆ ಮಕ್ಕಳು ಪಾಪ..." ಎಂದು ಶುರುಮಾಡಿದ ಕಾರ್ಲಿನ್ ಅರ್ಧಕ್ಕೇ ನಿಲ್ಲಿಸಿದಳು. ಮಕ್ಕಳು ಒಂದು ದಿನವೂ ಚಿಕ್ಕಮ್ಮ ಬೇಡ ಅಂದಿರಲಿಲ್ಲ. ಟ್ರಿಯರ್‌ನಲ್ಲೂ ಇಬ್ಬರೂ ಅವಳ ಹಾಸಿಗೆ ಮೇಲೇ ಕೂತು ಇಸ್ಪೀಟಾಡಿದ್ದರು. "ಮಕ್ಕಳಲ್ಲ. ನಾನು. ನಂಗೆ ಸಾಕಾಗಿತ್ತು."

"ನಂಗೂ ಸಾಕಾಗಿದೆ ಕಾರ್ಲಿನ್, ನನ್ನ ಜತೆ ಇದ್ದು. ಆದ್ರೆ ನಂಗೆ ನನ್ನನ್ನ ಬಿಟ್ಟು ಪ್ರವಾಸ ಹೋಗೋಕಾಗಲ್ಲ."

ಕಾರ್ಲಿನ್ ಅಳತೊಡಗಿದಳು. ಲಿಡ್ವಿನ್ ಅಳಲಿಲ್ಲ.

"ನೀನು ಬರೋದು ಬೇಡ ಅಂದಿದ್ರೆ ಒಂದು ವಾರ ಮುಖ ಊದಿಸ್ಕೊಂಡಿರ್ತಿದ್ದೆ, ಅಷ್ಟೆ. ಆದ್ರೆ ನೀನು ನನ್ನನ್ನ ಇಲ್ದೇ ಇರೋ ಪರೀಕ್ಷೆಗೆ ಪಾಠ ಹೇಳೋಕೆ ಕೂರಿಸ್ದೆ. ನಾನು ಹಿಂದಿನ ದಿನ ಕೂತು ತಯಾರಿ ಮಾಡ್ಕೊಂಡು ಬರ್ತಿದ್ದೆ. ಖುಷಿಯಾಗಿದ್ದೆ ಕಣೇ. ಆ ಖುಷಿಯನ್ನ ನೀನು ಅಲ್ಲಿ ಸಿಂಕ್ ಹತ್ರ ನಿಂತ್ಕೊಂಡು ನೋಡ್ತಿದ್ದೆ."

"ನೀನೂ ಬಾ. ಇನ್ನೊಂದು ಕೋಣೆ ಕೇಳ್ತೀನಿ, ಈಗ್ಲೇ ಕೇಳ್ತೀನಿ."

"ಈಗ ಬಂದ್ರೆ ನಾನು ಪ್ರವಾಸಕ್ಕೆ ಬಂದ ಹಾಗಾಗಲ್ಲ, ನಿನ್ನ ಮನಸ್ಸು ಹಗುರ ಮಾಡೋಕೆ ಬಂದ ಹಾಗಾಗತ್ತೆ. ಬೇಡ."

ಅವಳು ಎದ್ದು ಕೋಟು ಹಾಕಿಕೊಂಡಳು. ಗುಂಡಿ ಹಾಕಲು ಬೆರಳು ಸಹಕರಿಸದೆ ಬಹಳ ಹೊತ್ತಾಯಿತು. ಕಾರ್ಲಿನ್ ಕೈ ಮುಂದೆ ಮಾಡಿದಳು, ಹಿಂದಕ್ಕೆಳೆದುಕೊಂಡಳು. ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ವೇರ್ಲೆ ಇಳಿದು ಬಂದು, ಅಮ್ಮನ ಕಡೆ ನೋಡದೆ, ಚಿಕ್ಕಮ್ಮನ ಜತೆ ಬಸ್ ಹತ್ತಿದಳು. ವಾಪಸು ಬಂದವಳು ಹೇಳಿದ್ದು ಇಷ್ಟೆ: "ನಾನು ಪ್ರವಾಸಕ್ಕೆ ಬರಲ್ಲ. ಚಿಕ್ಕಮ್ಮನ ಮನೇಲಿರ್ತೀನಿ."

ಎಲ್ಲ ರದ್ದು ಮಾಡೋಣವೆಂದಳು ಕಾರ್ಲಿನ್. "ಅದ್ರಿಂದ ಯಾರಿಗೆ ಏನಾಗತ್ತೆ?" ಎಂದ ಯೂಸ್ಟ್. "ಪಿಯೆನ್ ಏನು ತಪ್ಪು ಮಾಡಿದ್ಲು?" ಮೂವರೇ ಹೊರಟರು.

ಬ್ರೂಜ್‌ನಲ್ಲಿ ಬಿಸಿಲಿತ್ತು. ಕಾಲುವೆಯ ನೀರಿಗೆ ಮರಗಳ ಹೊಸ ಎಲೆ ಬಾಗಿತ್ತು. ಕಾರ್ಲಿನ್ ಕಣ್ಣಿಗೆ ಬಿದ್ದದ್ದು ನೆಲ ಮಾತ್ರ. ಕಲ್ಲುಹಾಸು ಇತ್ತು, ನಿಜ, ಆದರೆ ಬಹಳ ಬೀದಿಗಳ ಅಂಚಿನಲ್ಲಿ ನಯವಾದ ಪಟ್ಟಿಯೂ ಇತ್ತು. ವಾಕರ್ ತಳ್ಳಿಕೊಂಡು ಹೋಗುವ ಮುದುಕಿಯರು ಕಂಡರು. ಒಬ್ಬಾಕೆ ಅದರ ಸೀಟಿನಲ್ಲೇ ಕೂತು ವಾಫಲ್ ತಿನ್ನುತ್ತಿದ್ದಳು. ಈ ವಿಷಯ ಮೊದಲೇ ವಿಚಾರಿಸಿದ್ದರೆ ತಿಳಿಯುತ್ತಿತ್ತು. ವಿಚಾರಿಸಬಾರದೆಂದೇ ತಾನು ವಿಚಾರಿಸಿರಲಿಲ್ಲ ಎಂಬುದು ಆ ಮುದುಕಿಯನ್ನು ನೋಡುತ್ತಾ ನಿಂತಾಗ ಅವಳಿಗೆ ಸ್ಪಷ್ಟವಾಯಿತು.

ಗೆಂಟ್‌ನಲ್ಲಿ ಪಿಯೆನ್ ಗೊಣಗಿದಳು: "ಚಿಕ್ಕಮ್ಮ ಇದ್ದಿದ್ರೆ ಕತೆ ಹೇಳ್ತಿದ್ರು. ಅಪ್ಪ ಬರೀ ಬೋರ್ಡ್ ಓದ್ತಾನೆ."

"ಬೋರ್ಡಲ್ಲೂ ಕತೆ ಇರತ್ತೆ," ಎಂದ ಯೂಸ್ಟ್, ನೊಂದುಕೊಂಡು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ವೇರ್ಲೆಯ ಫೋನ್ ಬಂತು. ಹಿಂದೆ ಜನರ ಗದ್ದಲ.

"ಅಮ್ಮ, ನಾವೂ ಬೆಲ್ಜಿಯಮ್ಮಲ್ಲೇ ಇದ್ದೀವಿ, ಮೆಖೆಲೆನ್‌ನಲ್ಲಿ. ರೈಲಲ್ಲಿ ಬಂದ್ವಿ. ಚಿಕ್ಕಮ್ಮನದೇ ಯೋಜನೆ. ನಿನ್ನೆ ರಾತ್ರಿ ದಿಢೀರಂತ, 'ನಾವೇನು ಕಮ್ಮಿ, ನಾವೂ ಹೋಗೋಣ' ಅಂದ್ರು. ಇರು, ಅವ್ರೇ ಮಾತಾಡ್ತಾರಂತೆ."

"ಕಾರ್ಲಿನ್," ಎಂದಿತು ಲಿಡ್ವಿನ್‌ಳ ದನಿ. "ಸಂಜೆವರೆಗೂ ದೊಡ್ಡ ಚೌಕದಲ್ಲೇ ಇರ್ತೀವಿ. ಬರೋದಾದ್ರೆ ಬಾ. ಒಬ್ಬಳೇ ಬಾ. ಕ್ಷಮೆ ಗಿಮೆ ಅಂತ ಶುರು ಮಾಡಬೇಡ, ಹುಡುಗಿ ಎದುರಿಗಿರ್ತಾಳೆ."

ಕಾರ್ಲಿನ್ ಅರ್ಧ ತಿಂದ ಬ್ರೆಡ್ಡನ್ನು ಹಾಗೇ ಬಿಟ್ಟು ಸ್ಟೇಷನ್ನಿಗೆ ಓಡಿದಳು.

ಚೌಕದ ಬಿಸಿಲ ಬದಿಯಲ್ಲಿ ಲಿಡ್ವಿನ್ ವಾಕರ್‌ನ ಸೀಟಿನ ಮೇಲೆ ಕೂತಿದ್ದಳು. ವೇರ್ಲೆ ಪಕ್ಕದ ಕಲ್ಲುಕಟ್ಟೆಯ ಮೇಲೆ. ಇಬ್ಬರ ನಡುವೆ ಕರಿದ ಆಲೂಗಡ್ಡೆಯ ಪೊಟ್ಟಣ. ವೇರ್ಲೆ ಕೊಂಚ ಸರಿದು ಅಮ್ಮನಿಗೆ ಜಾಗ ಮಾಡಿದಳು.

"ದಾರಿ ಕಷ್ಟ ಆಯ್ತಾ?" ಕಾರ್ಲಿನ್ ಕೇಳಿದಳು.

"ಆಯ್ತು. ಎರಡು ಸಲ ಚಕ್ರ ಸಿಕ್ಕಿಹಾಕ್ಕೊಂಡಿತು. ಒಂದ್ಸಲ ನಾನು ಜೋರಾಗಿ ಬೈದೆ, ಫ್ರೆಂಚಲ್ಲಿ. ಇಲ್ಲಿನವ್ರು ಡಚ್ ಮಾತಾಡೋರು, ಅವ್ರಿಗೆ ಫ್ರೆಂಚಲ್ಲಿ ಬೈದ್ರೆ ಕೆಟ್ಟ ಸಿಟ್ಟು ಬರತ್ತೆ."

"ಒಬ್ರು ವಾಪಸ್ ಬೈದ್ರು ಅಮ್ಮ," ಎಂದಳು ವೇರ್ಲೆ, ನಗುತ್ತಾ. "ಆಮೇಲೆ ಅವ್ರೇ ಬಂದು ಚಕ್ರ ಎತ್ತಿಕೊಟ್ರು."

ಕಾರ್ಲಿನ್‌ಗೂ ನಗು ಬಂತು. ನಕ್ಕ ತಕ್ಷಣ ನಾಚಿಕೆಯಾಯಿತು. ವೇರ್ಲೆ ಕುಡಿಯಲು ಏನಾದರೂ ತರುತ್ತೇನೆಂದು ಎದ್ದು ಹೋದಳು.

"ನೀನು ಅಂದ್ಕೊಂಡಿದ್ದು ಪೂರ್ತಿ ಸುಳ್ಳಲ್ಲ," ಎಂದಳು ಲಿಡ್ವಿನ್, ಚೌಕದ ಕಡೆಗೇ ನೋಡುತ್ತಾ. "ನನ್ನ ಜತೆ ಸುತ್ತೋದು ಸುಸ್ತೇ. ವೇರ್ಲೆಗೂ ಇವತ್ತು ಸುಸ್ತಾಗಿದೆ, ಹೇಳಲ್ಲ ಅಷ್ಟೆ. ಮುಂದೆ ನಿಂಗೆ ಸಾಕಾದಾಗ ಸಾಕಾಯ್ತು ಅನ್ನು. ನಂಗೆ ನೋವಾಗತ್ತೆ, ಆಗ್ಲಿ. ನನ್ನನ್ನ ಮಗು ಥರ ಆಟ ಆಡಿಸ್ಬೇಡ."

"ಇಲ್ಲ."

"ಇನ್ನೂ ಸಿಟ್ಟಿದೆ ನಂಗೆ."

"ಗೊತ್ತು."

ಗೆಂಟ್‌ಗೆ ಬಾ, ರಾತ್ರಿ ಎಲ್ಲರೂ ಒಟ್ಟಿಗೆ ಊಟ ಮಾಡೋಣ ಎಂಬ ಮಾತು ಕಾರ್ಲಿನ್‌ಳ ಬಾಯಿವರೆಗೂ ಬಂದಿತ್ತು. ಕೇಳಲಿಲ್ಲ. ಸಂಜೆ ಅವರಿಬ್ಬರೂ ಬ್ರೆಡಾದ ರೈಲು ಹತ್ತಿದರು, ಅವಳು ಗೆಂಟ್‌ನದು.

ರಜೆ ಮುಗಿದ ಮೇಲೆ ಬುಧವಾರಗಳಲ್ಲಿ ಅಡುಗೆಮನೆಯ ಮೇಜು ಖಾಲಿಯಿರುತ್ತಿತ್ತು. ಪಾಠ ಈಗ ಲಿಡ್ವಿನ್‌ಳ ಮನೆಯಲ್ಲಿ. ವೇರ್ಲೆಯ ಜತೆ ಅವಳ ಇಬ್ಬರು ಗೆಳತಿಯರೂ ಹೋಗುತ್ತಿದ್ದರು. ಅವರಲ್ಲೊಬ್ಬಳಿಗೆ ನಿಜವಾಗಿಯೂ ಫ್ರೆಂಚ್ ಬರುತ್ತಿರಲಿಲ್ಲ. ಕಾರ್ಲಿನ್ ಪ್ರತಿ ಭಾನುವಾರ ತಂಗಿಗೆ ಫೋನ್ ಮಾಡುತ್ತಿದ್ದಳು. ಲಿಡ್ವಿನ್ ಎತ್ತುತ್ತಿದ್ದಳು, ಕೇಳಿದ್ದಕ್ಕೆ ಉತ್ತರಿಸುತ್ತಿದ್ದಳು, ಆದರೆ ತಾನಾಗಿ ಮಾಡುತ್ತಿರಲಿಲ್ಲ. ಅವಳು ತಾನಾಗಿ ಫೋನ್ ಮಾಡಿದ್ದು ಎಲೆ ಉದುರುವ ಕಾಲಕ್ಕೆ, ಸ್ನಾನದ ಮನೆಯಲ್ಲಿ ಕಾಲು ಜಾರಿದ ದಿನ.

"ಬರ್ತೀಯಾ?" ಎಂದು ಕೇಳಿದಳು. "ಸುಸ್ತಾಗಿದ್ರೆ ಬೇಡ."

"ಸುಸ್ತಾಗಿದೆ," ಎಂದಳು ಕಾರ್ಲಿನ್, ಕಾರಿನ ಬೀಗದ ಕೈ ಹುಡುಕುತ್ತಾ. "ಬರ್ತಿದ್ದೀನಿ."