ಸಾಹೇಬರ ಪತ್ರದ ನಕಲು

ಮುಂಬಯಿಯ ಬಾಂದ್ರಾದ ಒಂದು ಸರ್ಕಾರಿ ಕಚೇರಿಯಲ್ಲಿ ರಮಾಮಣಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಳು. 1991ರ ಮಳೆಗಾಲದಲ್ಲಿ ಒಂದು ದಿನವಿಡೀ ಯಂತ್ರಗಳು ನಿಂತುಹೋದವು. ಮರುದಿನ ಮೇಲಧಿಕಾರಿ ಕೇಶವಮೂರ್ತಿ ಎಲ್ಲರನ್ನೂ ಕರೆದ.

"ವೈರಸ್ ಬಂದಿದೆ. ದೇಶದ ಭದ್ರತೆಯ ಪ್ರಶ್ನೆ. ಇನ್ನು ಕಂಪ್ಯೂಟರಿನಲ್ಲಿ ಯಾರು ಯಾರಿಗೆ ಪತ್ರ ಕಳಿಸಿದರೂ ಅದರ ನಕಲು ಟೇಪಿನಲ್ಲಿ ಉಳಿಯಬೇಕು."

ಆ ಏರ್ಪಾಡು ಮಾಡಿದವಳು ರಮಾಮಣಿಯೇ. ಆಮೇಲೆ ಆತ ನೌಕರರ ಸಂಘದವರ ಪತ್ರಗಳನ್ನು ಮಾತ್ರ ಕೇಳತೊಡಗಿದ. ಭದ್ರತೆ ಎಂದ ಮೇಲೆ ಎದುರಾಡುವುದು ಹೇಗೆಂದು ಅವಳು ಅಚ್ಚು ಹಾಕಿ ಕೊಡುತ್ತಿದ್ದಳು.

ಮೂರನೇ ತಿಂಗಳು ಸಂಘದ ಕಾರ್ಯದರ್ಶಿ ಸಿದ್ದರಾಮಪ್ಪನನ್ನು ಪೊಲೀಸರು ಎಳೆದೊಯ್ದರು. ಪುಣೆಯ ಕಚೇರಿಯ ಗೆಳೆಯರಿಗೆ ಆತ ಮುಷ್ಕರದ ಬಗ್ಗೆ ಬರೆದಿದ್ದ. ವೈರಸ್ ಬಿಟ್ಟವನೇ ಅವನೆಂದು ಆರೋಪ ಹೊರಿಸಿ ಕೆಲಸದಿಂದಲೂ ಅಮಾನತು ಮಾಡಿದರು.

ಒಂದು ಭಾನುವಾರ ಅವನ ಹೆಂಡತಿ ಕಾಶವ್ವ ಸಯನ್ನಿನಲ್ಲಿದ್ದ ರಮಾಮಣಿಯ ಮನೆ ಬಾಗಿಲಿಗೆ ಬಂದಳು. ಕರೆದರೂ ಒಳಗೆ ಕಾಲಿಡಲಿಲ್ಲ.

"ನಮ್ಮವರು ಬರದ ಪತ್ರ ಪೊಲೀಸರ ಕೈಯಾಗ ಇತ್ತರಿ ಬಾಯಾರ. ತಗದು ಕೊಟ್ಟಾಕಿ ನೀವ ಅಂತಾರ. ಖರೇ ಏನ್ರಿ?"

"ಹೌದು ಕಣಮ್ಮ. ನಾನೇ."

"ಹೊಡದ ಹೊಡತಕ್ಕ ಅವರ ಎಡಗಿವಿ ಹೋತರಿ. ನಿಮಗ ತಿಳೀಲಿ ಅಂತ ಹೇಳಾಕ ಬಂದೆ."

ಅಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು. ರಮಾಮಣಿಗೆ ಅಳು ಬರಲಿಲ್ಲ.

ಸೋಮವಾರ ಅವಳು ಟೇಪು ಹಾಕಿ ಕೇಶವಮೂರ್ತಿಯ ಹೆಸರು ಹುಡುಕಿದಳು. ಸಂಘದವರಿಗೆಂದು ಒಡ್ಡಿದ ಬಲೆಯಲ್ಲಿ ಆತನ ಪತ್ರಗಳೂ ಬಿದ್ದಿದ್ದವು. ಅದು ಆತನಿಗೆ ಹೊಳೆದೇ ಇರಲಿಲ್ಲ. ದಿಲ್ಲಿಯ ಹಿರಿಯ ಅಧಿಕಾರಿಗೆ ಇಂಗ್ಲಿಷಿನಲ್ಲಿ ಬರೆದಿದ್ದ ಪತ್ರದ ಸಾರ ಇಷ್ಟು: ವೈರಸ್ ಯಾವುದೂ ಇಲ್ಲ, ವೈರು ಸುಟ್ಟುಹೋಗಿತ್ತು, ಆದರೆ ಈ ಹೆದರಿಕೆ ಉಪಯೋಗಕ್ಕೆ ಬಂತು, ಸಂಘದವರ ಬಾಯಿಗೆ ಬೀಗ ಹಾಕಬಹುದು.

ಆಗಲೇ ಕೂಗಾಡಿದ್ದರೆ ಟೇಪು ಅಳಿಸಿಹೋಗುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು, ದಿನಾ "ಗುಡ್ ಮಾರ್ನಿಂಗ್ ಸಾರ್" ಎನ್ನುತ್ತಾ ಎರಡು ತಿಂಗಳು ಕಾದಳು.

ಸಿದ್ದರಾಮಪ್ಪನ ಮೇಲಿನ ಇಲಾಖೆಯ ವಿಚಾರಣೆ ಬಂತು. ಕೇಶವಮೂರ್ತಿ ಅವಳನ್ನೇ ತನ್ನ ಸಾಕ್ಷಿಯಾಗಿ ಕರೆದ.

"ನೋಡಿ ರಮಾಮಣಿ, ವೈರಸ್ ಇತ್ತು, ನಿಯಮದ ಪ್ರಕಾರ ನಕಲು ತೆಗೆದೆವು. ಇಷ್ಟು ಹೇಳಿ ಸಾಕು."

"ಆಗಲಿ ಸಾರ್."

ವಿಚಾರಣೆಯಲ್ಲಿ ಮೊದಲು ಆತನೇ ಎದ್ದು ನಿಂತು ವೈರಸ್ಸಿನ ಕಥೆಯನ್ನೆಲ್ಲ ಹೇಳಿಕೆಯಾಗಿ ಬರೆಸಿದ. "ನಕಲು ತೆಗೆಯುವುದರಲ್ಲಿ ಯಾರಿಗೂ ವಿನಾಯಿತಿ ಇರಲಿಲ್ಲ, ನನಗೂ ಸಹ" ಎಂದು ದೊಡ್ಡಸ್ತಿಕೆಗೆ ಸೇರಿಸಿ ಸಹಿ ಹಾಕಿದ.

ರಮಾಮಣಿ ಎದ್ದಳು. "ಸಾಹೇಬರು ಹೇಳಿದ್ದು ನಿಜ. ಅವರನ್ನೂ ಬಿಟ್ಟಿಲ್ಲ" ಎಂದು ಪತ್ರದ ನಕಲನ್ನು ವಿಚಾರಣಾಧಿಕಾರಿಯ ಮುಂದಿಟ್ಟಳು.

ಕೇಶವಮೂರ್ತಿಯ ಮುಖ ಸುಣ್ಣದಂತಾಯಿತು. "ಅದು ನನ್ನ ಖಾಸಗಿ ಪತ್ರ! ಓದೋಕೆ ನಿನಗೆ ಯಾರು ಅಧಿಕಾರ ಕೊಟ್ಟರು?"

"ನೀವೇ ಸಾರ್. ನಿಮ್ಮದೇ ಆದೇಶ."

ಸಿದ್ದರಾಮಪ್ಪ ಕೆಲಸಕ್ಕೆ ಮರಳಿದ. ಕೇಶವಮೂರ್ತಿ ಅಮಾನತಾದ. ಹೊರಡುವ ದಿನ ಲಿಫ್ಟಿನ ಬಳಿ ರಮಾಮಣಿಯನ್ನು ತಡೆದು, "ನನಗೂ ಹೆಂಡತಿ ಮಕ್ಕಳಿದ್ದಾರಮ್ಮ" ಎಂದ.

"ಗೊತ್ತು ಸಾರ್. ಅವರ ವಿಷಯ ಬರೆದ ಪತ್ರಗಳನ್ನೂ ಓದಿದೆ" ಎಂದಳು.

ಆತ ಲಿಫ್ಟು ಹತ್ತಿ ಇಳಿದುಹೋದ. ರಮಾಮಣಿಗೆ ಅಯ್ಯೋ ಅನ್ನಿಸಲಿಲ್ಲ. ಹೊಸ ಅಧಿಕಾರಿ ಅವಳನ್ನು ಹಳೆ ಕಡತಗಳ ಕೋಣೆಗೆ ಹಾಕಿದ. ಪತ್ರಗಳ ನಕಲು ಇಡುವ ಆದೇಶವನ್ನು ಮಾತ್ರ ಹಾಗೆಯೇ ಉಳಿಸಿಕೊಂಡ.