ವಾಲ್ವಿನ ಚಕ್ರ

ತಟ್ಟೆಗೆ ಬಿದ್ದ ಮೀನನ್ನು ನೋಡಿದ ಕೂಡಲೇ ಅದು ತಮ್ಮನ ಹೊಂಡದ್ದು ಎಂದು ಪಂಪ್ ಆಪರೇಟರನಿಗೆ ಗೊತ್ತಾಯಿತು. "ಬರೀ ಮುಳ್ಳು," ಎಂದು ತಟ್ಟೆ ಸರಿಸಿದ.

"ನಿಮ್ಮ ಮಾತಿನಲ್ಲಿರೋದಕ್ಕಿಂತ ಕಡಿಮೆನೇ ಬಿಡಿ," ಎಂದಳು ಹೆಂಡತಿ.

ಅವನಿಗೆ ಹೊಟ್ಟೆಕಿಚ್ಚು. ಗಣಿಯ ನೀರೆತ್ತುತ್ತಲೇ ಅವನ ತಲೆ ನರೆತಿತ್ತು. ಕೆಲಸ ಕೊಡಿಸು ಎಂದು ಊರವರು ಅವನ ಬಾಗಿಲಿಗೇ ಬರುತ್ತಿದ್ದರು. ಗಣಿ ಬಿಟ್ಟ ತಮ್ಮ, ಅದಿರು ಮುಗಿದು ಮಳೆನೀರು ನಿಂತಿದ್ದ ಹಳೇ ಹೊಂಡದಲ್ಲಿ ನಾಲ್ಕಾರು ಮನೆಯವರನ್ನು ಸೇರಿಸಿಕೊಂಡು ಮೀನು ಸಾಕಿದ. ಈಗ ಜನರೆಲ್ಲ ತಮ್ಮನ ಬಾಗಿಲಿಗೆ. ಊರನ್ನೆಲ್ಲ ಕರೆದವನು ಒಡಹುಟ್ಟಿದ ಅಣ್ಣನನ್ನು ಕರೆಯಲಿಲ್ಲವಲ್ಲ ಎಂಬುದು ಅವನನ್ನು ಒಳಗೊಳಗೇ ಸುಡುತ್ತಿತ್ತು.

ಊಟ ಬಿಟ್ಟೆದ್ದು ಪಂಪ್‌ಹೌಸಿಗೆ ಹೋದರೆ ಮೇಸ್ತ್ರಿ ಕಾಯುತ್ತಿದ್ದ. "ಗಣಿ ನೀರಿನ ಕೆಸರು ಇಳಿಯೋ ತೊಟ್ಟಿ ತುಂಬಿದೆ. ಇನ್ಮೇಲೆ ಗಣಿ ನೀರನ್ನ ಹಳೇ ಹೊಂಡಕ್ಕೆ ಬಿಡು."

"ಅಲ್ಲಿ ಮೀನಿದೆ."

"ತೊಟ್ಟಿ ಕೆಸರು ಬಳಿದು ತೆಗೆಯೋವರೆಗೂ ಗಣಿ ನಿಲ್ಲಿಸೋಕಾಗುತ್ತಾ? ಊರಿನ ಹೊಟ್ಟೆ ತುಂಬಿಸ್ತಿರೋದು ಗಣಿ, ಮೀನಲ್ಲ."

ನಿಜ ಹೇಳಬೇಕೆಂದರೆ ಆಪರೇಟರನಿಗೆ ಖುಷಿಯೇ ಆಯಿತು. ಕೆಂಪು ಕೆಸರು ಸೇರಿದರೆ ಒಂದು ಮೀನೂ ಉಳಿಯುವುದಿಲ್ಲ. ಹೊಂಡದ ಕಡೆಯ ವಾಲ್ವ್ ತುಕ್ಕು ಹಿಡಿದು ಬಿಗಿದಿತ್ತು. ಅದನ್ನು ತಿರುಗಿಸುವ ಚಕ್ರದ ಬುಡಕ್ಕೆ ಎಣ್ಣೆ ಬಿಡುತ್ತಿದ್ದಾಗ ಬಾಗಿಲಲ್ಲಿ ತಮ್ಮ ಕಾಣಿಸಿದ.

"ಅಣ್ಣಾ, ಊಟಾನೇ ಬಿಟ್ಟು ಎದ್ದೋದ್ಯಂತೆ. ಅತ್ತಿಗೆ ಹೇಳಿದ್ರು."

"ನಿನ್ನ ಮೀನು ತಿನ್ನೋಕೆ ಊರೇ ಇದೆಯಲ್ಲ. ನನ್ನೊಬ್ಬನ್ನ ಕರೆಯೋಕೆ ನಾಲಿಗೆ ಬರಲಿಲ್ಲ."

ತಮ್ಮ ಒಳಗೆ ಬಂದ. "ಎಲ್ಲರಿಗಿಂತ ಮೊದಲು ನಿನ್ನ ಹತ್ರಾನೇ ಬಂದಿದ್ದೆ. ಗುಂಡೀಲಿ ಗಾಳ ಹಾಕೋನು ಬಂದ ನೋಡ್ರೋ ಅಂತ ಕ್ಯಾಂಟೀನಲ್ಲಿ ನೀನು ನಕ್ಕುಬಿಟ್ಟೆ. ಮತ್ತೆ ಹೇಗೆ ಕರೀಲಿ?"

ನಕ್ಕಿದ್ದು ಅಣ್ಣನಿಗೆ ಚೆನ್ನಾಗಿಯೇ ನೆನಪಿತ್ತು.

"ಗಣಿ ಬೇಡ ಅಂತ ನಾನು ಅನ್ನಲ್ಲಣ್ಣ. ಇಲ್ಲೂ ಒಂದಿನ ಅದಿರು ಮುಗಿಯುತ್ತೆ. ಆಮೇಲೂ ಊರಲ್ಲಿ ಒಲೆ ಉರೀಬೇಕಲ್ಲ." ತಮ್ಮ ಎಣ್ಣೆ ಡಬ್ಬಿ ನೋಡಿದ. "ಏನು ರಿಪೇರಿ?"

"ಏನಿಲ್ಲ, ಹೋಗು."

ತಮ್ಮ ಹೋದ ಮೇಲೆ ಅವನು ಸ್ಪ್ಯಾನರ್ ತೆಗೆದುಕೊಂಡು ಚಕ್ರವನ್ನೇ ಬಿಚ್ಚಿದ. ಮೇಸ್ತ್ರಿಯ ಮುಂದೆ ಹೋಗಿ ನಿಂತ. "ಹೊಂಡಕ್ಕೆ ನೀರು ಬಿಡಲ್ಲ. ತೊಟ್ಟಿ ಖಾಲಿಯಾಗೋವರೆಗೂ ಪಂಪು ನಿಲ್ಲಿಸ್ತೀನಿ. ತೊಟ್ಟೀನೂ ನಾನೇ ಬಳೀತೀನಿ."

"ಕೆಲಸ ಹೋದೀತು."

"ಹೋದ್ರೆ ನೋಡ್ಕೊಳ್ಳೋಣ."

ತೊಟ್ಟಿ ಬಳಿದು ಮೈಯೆಲ್ಲ ಕೆಸರು ಮಾಡಿಕೊಂಡು, ಸಂಜೆ ಅವನು ತಮ್ಮನ ಮನೆಗೆ ಹೋಗಿ ಚಕ್ರವನ್ನು ಮುಂದಿಟ್ಟ. "ಹೊಂಡದ ಕಡೆಯ ವಾಲ್ವಿಂದು. ನಿನ್ನ ಹತ್ರಾನೇ ಇರಲಿ. ನನ್ನ ಕೈಗೆ ಸಿಗಬಾರದು."

ಚಕ್ರಕ್ಕೆ ಅಂಟಿದ್ದ ಹಸಿ ಎಣ್ಣೆಯನ್ನು ತಮ್ಮ ಬೆರಳಿನಿಂದ ಮುಟ್ಟಿ ನೋಡಿದ. ಪಂಪ್‌ಹೌಸಿನ ಆ ರಿಪೇರಿ ಏನೆಂದು ಅರ್ಥವಾಯಿತು. ಏನೂ ಕೇಳದೆ ಇನ್ನೊಂದು ತಟ್ಟೆ ಹಾಕಿಸಿದ.

ಮೀನಿನಲ್ಲಿ ಮುಳ್ಳು ನಿಜಕ್ಕೂ ಜಾಸ್ತಿಯಿತ್ತು. ಅಣ್ಣ ಒಂದೊಂದನ್ನೇ ತೆಗೆದಿಟ್ಟು ಪೂರ್ತಿ ತಿಂದ.